ಸಹಾಯ ಬೇಕು: ಪಯಸ್ವಿನಿ ಹೊಳೆಯ ಆಮೆಗೂಡು ಕಾವಲಿಗೆ ಹಣದ ದಾರಿ

ಎಲ್ಲರಿಗೂ ನಮಸ್ಕಾರ. ಅಡೂರು, ದೇಲಂಪಾಡಿ ಕಡೆಯ ಹೊಳೆಕರೆಯವರು ಸೇರಿ ಪಾಲಪೂವನ್ ಎಂಬ ಮೆದುಚಿಪ್ಪಿನ ದೊಡ್ಡ ಆಮೆಯ ಗೂಡು ಕಾಯುವ ಯೋಜನೆ ಬರೆಯುತ್ತಿದ್ದೇವೆ. 2023ರಲ್ಲಿ ಕಾಸರಗೋಡು ತನ್ನ ಜಿಲ್ಲಾ ಜೀವಿಯಾಗಿ ಆರಿಸಿದ್ದು ಇದನ್ನೇ.

ಮೊಟ್ಟೆ ಇರುವುದು ಹೊಳೆಬದಿಯ ಮರಳಲ್ಲಿ. ನೀರು ಏರಿದರೆ ಕೊಳೆಯುತ್ತದೆ, ಆದ್ದರಿಂದ ಎತ್ತರಕ್ಕೆ ಸಾಗಿಸಬೇಕು. ಸಾಗಿಸುವಾಗ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹಾಗೇ ಇಡಬೇಕು; ಮಗುಚಿದರೆ ಒಳಗಿನ ಭ್ರೂಣ ಸಾಯಬಹುದು. ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಅರ್ಜಿ ಹಾಕಲಿದ್ದೇವೆ.

ತೊಡಕು ಹಣದ್ದು. ವಿದೇಶಿ ಅನುದಾನಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ, ನೋಂದಣಿ ಇರುವ ಸಂಸ್ಥೆಯೂ ಆ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಅಂದರೆ ಬರೀ ಖಾತೆ ಕೊಡುವವರು ಸಾಲದು, ಕೆಲಸವನ್ನೇ ತಮ್ಮದಾಗಿ ನಡೆಸುವ ಸಂಸ್ಥೆ ಬೇಕು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಮತ್ತು ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಆಗಬೇಕು. ಇದನ್ನು ಮಾಡಿಸಿ ಗೊತ್ತಿರುವ ಲೆಕ್ಕಪರಿಶೋಧಕರು ಮಂಗಳೂರು, ಕಾಸರಗೋಡು ಕಡೆ ಇದ್ದಾರೆಯೇ?

ಇನ್ನು ಪ್ರವಾಸ. ಆಮೆ ಹೆಚ್ಚು ಹೊತ್ತು ಮರಳಲ್ಲಿ ಹೂತೇ ಇರುವುದರಿಂದ ‘ಆಮೆ ತೋರಿಸುತ್ತೇವೆ’ ಎಂದು ಟಿಕೆಟ್ ಮಾರಿದರೆ ಮೋಸವೇ ಸರಿ. ಬದಲಿಗೆ ಬಾಯಾರು, ಪಡ್ರೆಯಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ, ಅಡಿಕೆ ತೋಟ, ಮನೆಯೂಟ ಸೇರಿಸಿ ಹೋಂಸ್ಟೇ ಯೋಚಿಸಿದ್ದೇವೆ. ಅದರ ಆದಾಯದಲ್ಲಿ ಗೂಡು ಕಾಯುವವರಿಗೆ ಎಷ್ಟು ಪಾಲು ಇಟ್ಟರೆ ಮನೆಯವರೂ ಒಪ್ಪುತ್ತಾರೆ? ನಡೆಸಿದ ಅನುಭವವಿರುವವರು ಲೆಕ್ಕಸಮೇತ ಬರೆಯಿರಿ. ಗೂಡಿನ ಜಾಗ ಮಾತ್ರ ಯಾರೂ ಇಲ್ಲಿ ಹಾಕಬೇಡಿ.