ಸರ್ವೆಗೆ ಬರ್ತಾರೆ, ರಿಪೋರ್ಟ್ ಮಾತ್ರ ವಾಪಸ್ ಬರಲ್ಲ. ಮುಂದಿನ ಸಲ ಬಂದಾಗ ಏನ್ ಕೇಳ್ಬೇಕು?

ಮೂಲೆಮನೆ:
ಎಲ್ರಿಗೂ ನಮಸ್ಕಾರ. ನಾವಿರೋ ಕಡೆ ಎಲ್ಲಾ ದಿನಗೂಲಿ ಮಾಡೋರು, ಮನೆಕೆಲಸಕ್ಕೆ ಹೋಗೋರು. ಮೂರು ವರ್ಷದಲ್ಲಿ ನಾಲ್ಕು ಸಲ ಸರ್ವೆ ಆಯ್ತು. ಟ್ಯಾಬ್ ಹಿಡ್ಕೊಂಡು ಬರ್ತಾರೆ, ಮನೇಲಿ ಎಷ್ಟ್ ಜನ, ಸಂಪಾದನೆ ಎಷ್ಟು, ಸಾಲ ಎಷ್ಟು ಅಂತ ಒಂದ್ ಗಂಟೆ ಕೂರಿಸ್ತಾರೆ, ಫೋಟೋ ತಗೊಂಡು ಹೋದೋರು ಹೋದ್ರೇ. ಹೋದ್ಸಲ ಅಮ್ಮನ್ನ ಶೌಚಾಲಯ ಇದ್ಯಾ ಅಂದ್ರು. ಅಮ್ಮ, ಇದೆ ಕಣಪ್ಪ, ಆದ್ರೆ ಅಷ್ಟೂ ಮನೆಗೆ ಸೇರಿ ಒಂದೇ ಸಾಲು, ಬಾಗಿಲಿಗೆ ಚಿಲಕ ಇಲ್ಲ, ರಾತ್ರಿ ಲೈಟ್ ಇಲ್ಲ, ಅದಕ್ಕೆ ಸಂಜೆ ಆದ್ಮೇಲೆ ನಾನು ನೀರೇ ಕುಡಿಯಲ್ಲ ಅಂತ ಹೇಳ್ತಾನೇ ಇದ್ರು, ಆ ಹುಡುಗ "ಇದೆ" ಒತ್ತಿ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟ. ಈಗ ಐದನೇ ಸಲ ಬರ್ತಾರಂತೆ. ಒಳಗೆ ಬಿಡ್ಬೇಕಾ ಬೇಡ್ವಾ?

ಹಳೇ ಫೀಲ್ಡಿನವ:
ಆ ಹುಡುಗನ ಮೇಲೆ ಬೇಜಾರಾಗ್ಬೇಡಿ, ನಾನೂ ಎರಡು ವರ್ಷ ಅದೇ ಕೆಲಸ ಮಾಡಿದೀನಿ. ನಮಗೆ ದುಡ್ಡು ಫಾರಂ ಲೆಕ್ಕ, ದಿನಕ್ಕೆ ಇಷ್ಟು ಮುಗಿಸ್ಲೇಬೇಕು, ಸ್ಕ್ರೀನ್ ಮೇಲೆ ಇರೋದೇ ಇದೆ/ಇಲ್ಲ ಅಂತ ಎರಡು ಬಟನ್, ಚಿಲಕಕ್ಕೆ ಜಾಗವೇ ಇಲ್ಲ. ಇನ್ನೊಂದು, ನಾವು ಹೋಗ್ತಿದ್ದಿದ್ದು ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಲ್ಲಿ ಮನೇಲಿ ಯಾರಿರ್ತಾರೆ ಹೇಳಿ? ಕೆಲಸಕ್ಕೆ ಹೋದೋರ ಕಥೆನ ಅಜ್ಜಿ ಬಾಯಲ್ಲಿ ಕೇಳಿ ಬರ್ಕೊಂಡು ಬರ್ತಿದ್ವಿ, ಬೀಗ ಹಾಕಿದ್ರೆ ಪಕ್ಕದ ಮನೆ. ಮೊದಲು ಅವರನ್ನ ಕೇಳಿ: ದುಡ್ಡು ಕೊಡ್ತಿರೋರು ಯಾರು, ನಮ್ಮ ಹೆಸರು ಫೋನ್ ನಂಬರ್ ಯಾರ್ ಕೈಗೆ ಹೋಗುತ್ತೆ? ಕಾಗದಪತ್ರ ಯಾರತ್ರ ಇಲ್ಲ ಅನ್ನೋ ಪಟ್ಟಿ ನಾಳೆ ಎತ್ತಂಗಡಿಗೂ ಉಪಯೋಗಕ್ಕೆ ಬರುತ್ತೆ, ನೆನಪಿರಲಿ. ಇಷ್ಟ ಇಲ್ದಿದ್ರೆ ಉತ್ತರ ಹೇಳಲ್ಲ ಅನ್ಬಹುದು, ಅದನ್ನ ನಾವು ಫೀಲ್ಡಲ್ಲಿ ಬೇಕಂತ್ಲೇ ಬಾಯಿಬಿಟ್ಟು ಹೇಳ್ತಿರ್ಲಿಲ್ಲ.

ಲೆಕ್ಕದ ಪುಸ್ತಕ:
ನೀವೇ ಎಣಿಸಿ ಅಂತೀನಿ ನಾನು. 1985ರಲ್ಲಿ ಮುಂಬೈನಲ್ಲಿ ಆಗಿದ್ದು ಅದೇ. ಫುಟ್‌ಪಾತ್ ಮೇಲೆ ಗುಡಿಸಲು ಹಾಕ್ಕೊಂಡಿದ್ದೋರ ಕೇಸು ಸುಪ್ರೀಂ ಕೋರ್ಟಲ್ಲಿತ್ತು. ಜೀವನೋಪಾಯದ ಹಕ್ಕು ಬದುಕೋ ಹಕ್ಕಿನ ಭಾಗ ಅಂತ ಕೋರ್ಟ್ ಒಪ್ಕೊಳ್ತು, ಆದ್ರೂ ನೋಟಿಸ್ ಕೊಟ್ಟು ತೆಗೀಬಹುದು ಅಂತಾನೂ ಹೇಳ್ತು. ಆ ಟೈಮಲ್ಲೇ ಸ್ಪಾರ್ಕ್ ಅನ್ನೋ ಸಂಸ್ಥೆ ಫುಟ್‌ಪಾತ್ ಹೆಂಗಸರ ಜೊತೆ ಸೇರಿ ಸುಮಾರು 6,000 ಕುಟುಂಬನ ಎಣಿಸ್ತು. ಇವರೆಲ್ಲ ನಿನ್ನೆ ಮೊನ್ನೆ ಬಂದು ಕೂತೋರು ಅನ್ನೋ ಮಾತಿಗೆ ಆಗ ಉತ್ತರ ಸಿಕ್ತು, ಎಷ್ಟೋ ಜನ ವರ್ಷಗಟ್ಲೆಯಿಂದ ಅಲ್ಲೇ ಇದ್ದು ಪಕ್ಕದಲ್ಲೇ ಕೂಲಿ ಮಾಡ್ತಿದ್ದೋರು. ಆ ಹೆಂಗಸರೇ ಮುಂದೆ ಮಹಿಳಾ ಮಿಲನ್ ಅನ್ನೋ ತಮ್ಮದೇ ಸಂಘ ಕಟ್ಟಿದ್ರು. ಲೆಕ್ಕ ಅವರ ಕೈಲಿದ್ದಿದ್ರಿಂದ ಮಾತುಕತೆಗೆ ಬರೀ ಕೈಯಲ್ಲಿ ಹೋಗೋದು ತಪ್ತು.

ಸುಮ್ನೆ ಓದುಗ:
ಎಲ್ಲಾ ಸರಿ, ಆಮೇಲೆ? ಸಭೆ ಕರೀತಾರೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸ್ತಾರೆ, "ಜನಾಭಿಪ್ರಾಯ ಸಂಗ್ರಹಿಸಲಾಯಿತು" ಅಂತ ಬರೀತಾರೆ, ನಿರ್ಧಾರ ಮಾತ್ರ ಮುಂಚೆನೇ ಆಗಿರುತ್ತೆ. ಶೆರ್ರಿ ಅರ್ನ್‌ಸ್ಟೈನ್ ಅನ್ನೋರು 1969ರಲ್ಲೇ, ಜನರ ಕೈಗೆ ನಿಜವಾಗ್ಲೂ ಎಷ್ಟು ಅಧಿಕಾರ ಸಿಗುತ್ತೆ ಅಂತ ಅಳೆಯೋಕೆ ಎಂಟು ಮೆಟ್ಟಿಲ ಏಣಿ ಬರೆದಿಟ್ರು, ಅದರಲ್ಲಿ ಅಭಿಪ್ರಾಯ ಕೇಳೋದು ನಾಲ್ಕನೇ ಮೆಟ್ಟಿಲು, ಅದೂ ತೋರಿಕೆ ಗುಂಪಿಗೇ ಸೇರಿದ್ದು. ನಾನು ಕಂಡಿರೋ ಸಭೆ ಯಾವ್ದೂ ಅದರ ಮೇಲಕ್ಕೆ ಹತ್ತಿಲ್ಲ.

ಸಂಶೋಧನೆಯವಳು:
ಬೈಗುಳಕ್ಕೆ ನಾನೇ ಸಿಕ್ಕಿದೀನಿ ಅನ್ಕೊಳ್ಳಿ, ಇದೇ ನನ್ನ ಕೆಲಸ. ಓದುಗರು ಹೇಳಿದ್ದು ಮುಕ್ಕಾಲು ನಿಜ. ಆದ್ರೂ ಬಾಗಿಲು ಪೂರ್ತಿ ಹಾಕ್ಬೇಡಿ, ಯಾಕಂದ್ರೆ ಕೆಲವು ವಿಷಯ ಒಂದೇ ಸರ್ವೆಗೆ ಕಾಣಲ್ಲ. ಅಮೆರಿಕದಲ್ಲಿ 1994ರಿಂದ ಐದು ನಗರದಲ್ಲಿ ಸುಮಾರು 4,600 ಬಡ ಕುಟುಂಬನ ತಗೊಂಡು, ಲಾಟರಿ ಎತ್ತಿ, ಒಂದಷ್ಟು ಜನಕ್ಕೆ ಬಡತನ ಕಮ್ಮಿ ಇರೋ ಏರಿಯಾಗೆ ಹೋಗೋಕೆ ಬಾಡಿಗೆ ಸಹಾಯ ಕೊಟ್ರು. ವರ್ಷಗಟ್ಲೆ ನೋಡಿದ್ರು, ದೊಡ್ಡೋರ ಸಂಪಾದನೆ ಏನೂ ಬದಲಾಗ್ಲಿಲ್ಲ, ಯೋಜನೆ ಫೇಲ್ ಅಂತ ಎಷ್ಟೋ ಜನ ಅಂದ್ರು. ಅದೇ ಕುಟುಂಬಗಳ ಮಕ್ಕಳು ಬೆಳೆದು ದುಡಿಯೋಕೆ ಶುರು ಮಾಡಿದ್ಮೇಲೆ ನೋಡಿದ್ರೆ, 13 ವರ್ಷ ತುಂಬೋದ್ರೊಳಗೆ ಜಾಗ ಬದಲಾಯಿಸಿದೋರ ಆದಾಯ ಉಳಿದೋರಿಗಿಂತ ಸುಮಾರು 31% ಜಾಸ್ತಿ. ಇದು ಗೊತ್ತಾಗಿದ್ದು 2015ರಲ್ಲಿ! ಅಷ್ಟು ವರ್ಷ ಜನ ಬಾಗಿಲು ತೆಗೆದು ಉತ್ತರ ಕೊಟ್ಟಿದ್ದಕ್ಕೆ ತಾನೇ.

ಅದಕ್ಕೆ ಬದಲಾಗಿ ನಿಮಗೇನು ಅಂದ್ರೆ, ಷರತ್ತು ಹಾಕಿ. ರಾತ್ರಿ ಎಂಟರ ಮೇಲೆ ಬನ್ನಿ, ಫಾರಂನ ಮೊದಲೇ ತೋರಿಸಿ, ರಿಪೋರ್ಟ್ ಅಚ್ಚಾಗೋಕೆ ಮುಂಚೆ ನಮ್ಮ ಭಾಷೇಲಿ ಒಂದು ಹಾಳೆ ಬರೆದು ನಮ್ಮೆದುರೇ ಓದಿ, ತಪ್ಪಿದ್ರೆ ಅಲ್ಲೇ ತಿದ್ದಿ. ಬಾಯಲ್ಲಿ ಹೂಂ ಅಂದ್ರೆ ನಂಬ್ಬೇಡಿ, ಬರೆಸ್ಕೊಳ್ಳಿ. ಸರ್ವೆಗೆ ಬರೋ ನಮ್ಮೋರು ಇದಕ್ಕೆ ಒಪ್ಪದೇ ಹೋದ್ರೆ ಆಗ ಬಾಗಿಲು ಹಾಕಿ, ತಪ್ಪೇ ಇಲ್ಲ.

ಮೂಲೆಮನೆ:
ಅಕ್ಕ, ಅಣ್ಣಂದಿರು, ಥ್ಯಾಂಕ್ಸ್. ಇದನ್ನೆಲ್ಲ ಅಮ್ಮಂಗೆ ಓದಿ ಹೇಳ್ದೆ. ಅವರು ಬರೋ ತನಕ ಯಾಕ್ ಕಾಯ್ಬೇಕು ಅಂದ್ಬಿಟ್ಟು ನಿನ್ನೆ ರಾತ್ರಿ ಪಕ್ಕದ ಮನೆಯೋರನ್ನೂ ಎಬ್ಬಿಸ್ಕೊಂಡು ಟಾರ್ಚ್ ಹಿಡ್ಕೊಂಡು ಶೌಚಾಲಯದ ಸಾಲಿಗೆ ಹೋದ್ರು. ಒಂಬತ್ತು ಬಾಗಿಲು, ಒಳಗಿಂದ ಹಾಕೋಕೆ ಬರೋದು ಎರಡೇ. ನನ್ನ ತಂಗಿ ನೋಟ್‌ಬುಕ್ಕಲ್ಲಿ ಬರೆದಿಟ್ಟಿದಾಳೆ, ತಾರೀಕು ಹಾಕಿ.