ಪ್ರಶ್ನೋತ್ತರ: ನಾಲ್ಕು ವರ್ಷದ ಮಗುವಿನ ಭಾವನೆಗೆ ಅಂಕ ಕೊಡಬಹುದೇ?

ತಾಯಿ, ಮ್ಯೂನಿಕ್: ನಮಸ್ಕಾರ ಮೇಡಂ. ನನ್ನ ಮಗಳಿಗೆ 4 ವರ್ಷ. ಕಳೆದ ವರ್ಷದವರೆಗೂ ಶಿವಮೊಗ್ಗದಲ್ಲಿ ಅಜ್ಜಿಯ ಬಳಿ ಬೆಳೆದವಳು. ಇಲ್ಲಿನ ಶಿಶುವಿಹಾರದಲ್ಲಿ, 'ಅತ್ತೆ ಕೊಟ್ಟ ಉಡುಗೊರೆ ಹುಡುಗನಿಗೆ ಇಷ್ಟವಾಗಲಿಲ್ಲ, ಅವನ ಮುಖ ಯಾವುದು?' ಎಂದು ಕೇಳಿದಾಗ ಆಕೆ ನಗುವ ಮುಖವನ್ನು ತೋರಿಸಿದಳಂತೆ. ಭಾವನೆಗಳನ್ನು ಗುರುತಿಸುವುದರಲ್ಲಿ ಹಿಂದುಳಿದಿದ್ದಾಳೆ ಎಂದು ವರದಿ ಕೊಟ್ಟಿದ್ದಾರೆ.

ತಂದೆ, ತುಮಕೂರು: ಮೊಬೈಲ್ ಆ್ಯಪ್‌ನಲ್ಲಿ ನನ್ನ ಮಗನ ಇಕ್ಯೂ (ಭಾವನಾತ್ಮಕ ಬುದ್ಧಿಯ ಅಂಕ) 92 ಎಂದು ಬಂದಿದೆ. ಇದು ಒಳ್ಳೆಯ ಅಂಕವೇ?

ಮಕ್ಕಳ ಮನಶ್ಶಾಸ್ತ್ರಜ್ಞೆ: ತುಮಕೂರಿನವರಿಗೆ: ಆ ಅಂಕಕ್ಕೆ ಅರ್ಥವಿಲ್ಲ.

ಮ್ಯೂನಿಕ್‌ನ ತಾಯಿಗೆ: ನಿಮ್ಮ ಮಗಳ ಉತ್ತರ ತಪ್ಪೆಂದು ನನಗೆ ತೋರುವುದಿಲ್ಲ. ಅವರು ಕೇಳಿದ್ದು ಮುಖವನ್ನು, ಮನಸ್ಸನ್ನಲ್ಲ. ಹಿರಿಯರ ಎದುರು ಮುಖ ಸಿಂಡರಿಸಬಾರದು ಎಂದು ಅಜ್ಜಿಯಿಂದ ಕಲಿತ ಮಗು, ಹುಡುಗ ಒಳಗೊಳಗೇ ನೊಂದುಕೊಂಡು ಹೊರಗೆ ನಗುತ್ತಾನೆ ಎಂದು ಊಹಿಸಿ ಆ ಚಿತ್ರವನ್ನು ತೋರಿಸಿರಬಹುದು. ಜೋಶಿ ಮತ್ತು ಮ್ಯಾಕ್ಲೀನ್ 1994ರಲ್ಲಿ ಭಾರತದ ಹಾಗೂ ಇಂಗ್ಲೆಂಡಿನ 4 ಮತ್ತು 6 ವರ್ಷದ ಮಕ್ಕಳನ್ನು ಹೋಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳಗಿನ ಭಾವನೆ ಬೇರೆ, ತೋರುವ ಮುಖ ಬೇರೆ ಎಂಬ ತಿಳಿವಳಿಕೆ 4 ವರ್ಷದ ಭಾರತೀಯ ಹೆಣ್ಣುಮಕ್ಕಳಲ್ಲಿ ಅದೇ ವಯಸ್ಸಿನ ಇಂಗ್ಲಿಷ್ ಹೆಣ್ಣುಮಕ್ಕಳಿಗಿಂತ ಹೆಚ್ಚಾಗಿ ಕಂಡುಬಂದಿತ್ತು. ಅಲ್ಲಿ ಜಾಣತನವೆಂದು ಎಣಿಸಿದ್ದೇ ನಿಮ್ಮ ವರದಿಯಲ್ಲಿ ಕೊರತೆಯಾಗಿದೆ. ಪರೀಕ್ಷೆ ಜರ್ಮನ್ ಭಾಷೆಯಲ್ಲಿ ನಡೆದಿದ್ದರೆ ಭಾಷೆಯ ತೊಡಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಡೆನ್‌ಹ್ಯಾಮ್ ಅವರ ಬೊಂಬೆ ಪರೀಕ್ಷೆಯಲ್ಲಿ ಮಗು ಮೊದಲು ಭಾವನೆಯ ಹೆಸರು ಹೇಳಬೇಕು, ಆಮೇಲೆ ಮುಖವನ್ನು ಬೆರಳಿಟ್ಟು ತೋರಿಸಬೇಕು; ಪದ ಬಾರದ ಮಗುವಿಗೂ ಅರ್ಥವಾಗಿರಬಹುದು ಎಂಬುದಕ್ಕಾಗಿಯೇ ಹಾಗೆ. ಮನೆಯಲ್ಲಿ ಕನ್ನಡದಲ್ಲಿ, ಎರಡು ಪ್ರಶ್ನೆಗಳಾಗಿ ಕೇಳಿ ನೋಡಿ: ಮುಖ ಹೇಗಿರುತ್ತದೆ, ಮನಸ್ಸಿಗೆ ಹೇಗನ್ನಿಸುತ್ತದೆ.

ಅಂಗನವಾಡಿ ಕಾರ್ಯಕರ್ತೆ, ವಿಜಯಪುರ: ನಮ್ಮಲ್ಲಿ ಅರ್ಧದಷ್ಟು ಮಕ್ಕಳ ಮನೆಮಾತು ಲಂಬಾಣಿ. ಇಂಥ ಪ್ರಶ್ನೆಗಳನ್ನು ಅವರಿಗೆ ಯಾವ ಭಾಷೆಯಲ್ಲಿ ಕೇಳಬೇಕು?

ಸದಸ್ಯ, ಬೆಂಗಳೂರು: ಇಷ್ಟೆಲ್ಲ ಏಕೆ? ಸ್ಟ್ಯಾನ್‌ಫರ್ಡ್‌ನ ವಾಲ್ಟರ್ ಮಿಶೆಲ್ ಅವರ ಮಾರ್ಷ್‌ಮ್ಯಾಲೋ ಪರೀಕ್ಷೆ ಸಾಕು. ಎದುರಿಗಿಟ್ಟ ಸಿಹಿಯನ್ನು ತಿನ್ನದೆ ಕಾಯುವ ಮಗು ಮುಂದೆ ಬರುತ್ತದೆ.

ಸದಸ್ಯೆ, ಮೈಸೂರು: 2018ರಲ್ಲಿ ಹೆಚ್ಚು ಮಕ್ಕಳನ್ನಿಟ್ಟುಕೊಂಡು ಅದನ್ನು ಪರಿಶೀಲಿಸಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದೊಡನೆ ಕಾಯುವುದಕ್ಕೂ ಮುಂದೆ ಬರುವುದಕ್ಕೂ ಇರುವ ನಂಟು ಬಹುಪಾಲು ಕರಗಿಹೋಯಿತು. ಇಂಥದೇ ಪರೀಕ್ಷೆಯಲ್ಲಿ ಕ್ಯಾಮರೂನ್‌ನ ನ್ಸೊ ಸಮುದಾಯದ ಮಕ್ಕಳಲ್ಲಿ ಶೇಕಡಾ 70ರಷ್ಟು ಮಂದಿ ಕಾದರೆ, ಜರ್ಮನಿಯ ಮಕ್ಕಳಲ್ಲಿ ಶೇಕಡಾ 30ರಷ್ಟೂ ಕಾಯಲಿಲ್ಲ.

ಸದಸ್ಯ, ಬೆಂಗಳೂರು: ಹಾಗಾದರೆ ಜರ್ಮನಿಯ ಮಕ್ಕಳು ದಡ್ಡರೆನ್ನುತ್ತೀರಾ?

ಸದಸ್ಯೆ, ಮೈಸೂರು: ನಾನು ಹಾಗೆ ಬರೆದಿಲ್ಲ. ಹಿರಿಯರ ಮಾತು ಮೀರದಂತೆ ಬೆಳೆಸಿದಲ್ಲಿ ಮಕ್ಕಳು ಕಾಯುತ್ತಾರೆ ಎಂದಷ್ಟೇ ಅರ್ಥ. ಓದಿ ಮಾತನಾಡಿ.

ಸದಸ್ಯ, ಬೆಂಗಳೂರು: ನಿಮ್ಮಿಂದ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ.

ಸದಸ್ಯೆ, ಹುಬ್ಬಳ್ಳಿ: ಬಂದ ಸಂದೇಶ: ಪುಷ್ಯ ನಕ್ಷತ್ರದ ದಿನ ಸ್ವರ್ಣಬಿಂದು ಹಾಕಿಸಿ, ಬೆರಳಚ್ಚು ಪರೀಕ್ಷೆ ಮಾಡಿಸಿದರೆ ಮಗುವಿನ ಭಾವನಾತ್ಮಕ ಬುದ್ಧಿಯ ಮಟ್ಟ ತಿಳಿದು, ಹೆಚ್ಚುತ್ತದೆ.

ಮನಶ್ಶಾಸ್ತ್ರಜ್ಞೆ: ಬೆರಳಿನ ಗೆರೆಗಳು ಗರ್ಭದಲ್ಲಿಯೇ ಮೂಡಿರುತ್ತವೆ, ಮಗು ಆಮೇಲೆ ಯಾರ ಮಡಿಲಲ್ಲಿ ಬೆಳೆಯಿತು ಎಂಬುದನ್ನು ಅವು ಹೇಳಲಾರವು. ಆ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಯಾರು, ಏನು ಹಾಕಿ ತಯಾರಿಸಿದರೆಂದು ತಿಳಿಯದ ಹನಿಗಳನ್ನು ಮಕ್ಕಳ ಬಾಯಿಗೆ ಹಾಕಬೇಡಿ. ಇಂಥವನ್ನು ಇಲ್ಲಿಗೆ ಕಳುಹಿಸಬೇಡಿ ಎಂದು ಈಗಾಗಲೇ ಎರಡು ಬಾರಿ ಹೇಳಿದ್ದೇನೆ.

ತಂದೆ, ತುಮಕೂರು: ಮೇಡಂ, 92 ಒಳ್ಳೆಯದೋ ಅಲ್ಲವೋ, ಅಷ್ಟು ಹೇಳಿ ಸಾಕು.

ಮನಶ್ಶಾಸ್ತ್ರಜ್ಞೆ: ಉತ್ತರ ಮೇಲಿದೆ.

ತಾಯಿ, ಮ್ಯೂನಿಕ್: ಮಗಳನ್ನು ಕೇಳಿ ನೋಡಿದೆ ಮೇಡಂ. ಮುಖ ನಗುತ್ತದೆ ಎಂದಳು. ಮನಸ್ಸಿಗೆ 'ಬೇಜಾರು' ಎಂದು ಹೇಳಿ ಆಡಲು ಓಡಿದಳು.

ಮನಶ್ಶಾಸ್ತ್ರಜ್ಞೆ: ನಮ್ಮ 'ಬೇಜಾರು' ದುಃಖವೂ ಹೌದು, ಬೇಸರವೂ ಹೌದು, ಕಿರಿಕಿರಿಯೂ ಹೌದು. ಇನ್ನೊಂದು ದಿನ ಮುಖಗಳ ಚಿತ್ರಗಳನ್ನು ಮುಂದಿಟ್ಟು, ಯಾವ ಬೇಜಾರು ಎಂದು ತೋರಿಸಲು ಹೇಳಿ. ಇವತ್ತು ಆಡಿಕೊಳ್ಳಲಿ.