ಬಿಲ್ ತಾರೀಖಿಗೆ ಸರಿಯಾದ ದರ ಹುಡುಕೋದು: ಟ್ರೀಮ್ಯಾಪ್ ಬಳಸಿದವರು ಅನುಭವ ಹೇಳಿ

ಬೆಲ್ಲದ ಪೆಂಟಿ, ಬಾಗಲಕೋಟೆ: ಬೆಲ್ಲದ ಅಡತ ಅಂಗಡಿಗೆ ಜಾವಾದಲ್ಲಿ ಬಿಲ್ಲಿಂಗ್ ಬರೆಯುತ್ತಿದ್ದೇನೆ. ದರ ದಿನಾ ಬದಲಾಗುವುದಿಲ್ಲ. ಬಿಲ್ ತಾರೀಖಿನಂದು ದರ ಇಲ್ಲದಿದ್ದರೆ ಅದಕ್ಕೂ ಹಿಂದಿನದು ಬೇಕು. ಈಗ ಹ್ಯಾಶ್‌ಮ್ಯಾಪ್‌ನಲ್ಲಿ (ಕೀ ಕೊಟ್ಟರೆ ಅದರ ಮಾಹಿತಿ ಕೊಡುವ, ಕ್ರಮವಿಲ್ಲದ ಪಟ್ಟಿ; ನನ್ನ ಕೀ ತಾರೀಖು) ಒಂದೊಂದೇ ದಿನ ಹಿಂದೆ ಹೋಗುತ್ತಿದ್ದೇನೆ. ಕೀಗಳನ್ನು ಕ್ರಮವಾಗಿ ಇಡುವ ಟ್ರೀಮ್ಯಾಪ್ ಹಾಕಲಾ?

ಮಣೂಕ, ವಿಜಯಪುರ: ಹಾಕಿ, ಫ್ಲೋರ್‌ಎಂಟ್ರಿ (ಕೇಳಿದ ಕೀ ಇದ್ದರೆ ಅದನ್ನೇ, ಇಲ್ಲದಿದ್ದರೆ ಅದರ ಹಿಂದಿನದನ್ನು ಕೊಡುವುದು) ಇರುವುದೇ ಅದಕ್ಕೆ. ಆದರೆ ನನ್ನ ಕಥೆ ಕೇಳಿ. ಕೋಲ್ಡ್ ಸ್ಟೋರೇಜ್ ಬಾಡಿಗೆ ಲೆಕ್ಕಕ್ಕೆ ತಾರೀಖನ್ನು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿ ಕೀ ಮಾಡಿದ್ದೆ. 05-12-2023ಕ್ಕೆ ಒಂದು ದರ, 04-01-2024ಕ್ಕೆ ಇನ್ನೊಂದು. 06-01-2024 ಕೇಳಿದರೆ ಡಿಸೆಂಬರ್ ದರ ಕೊಟ್ಟಿತು! ಸ್ಟ್ರಿಂಗ್ ಅಂದರೆ ಎಡದಿಂದ ಹೋಲಿಕೆ, ಆ ಲೆಕ್ಕದಲ್ಲಿ 04ಕ್ಕಿಂತ 05 ದೊಡ್ಡದು, ವರ್ಷ ಯಾರಿಗೆ ಬೇಕು. 41 ಬಿಲ್ ಕೈಯಿಂದ ತಿದ್ದಿದೆ, ಮೂರು ರಾತ್ರಿ. ಮಾಲೀಕರು ನನ್ನ ಹಣದಲ್ಲಿ 8,000 ಹಿಡಿದರು. ಜಾವಾದ ತಾರೀಖಿನ ಟೈಪ್ ಲೋಕಲ್‌ಡೇಟ್ ಹಾಕಿದ ಮೇಲೆ ಸರಿಹೋಯಿತು.

ಕುಂದಾ, ಬೆಳಗಾವಿ: ನಾಲ್ಕುನೂರು ದರಕ್ಕೆ ಮರ (ಟ್ರೀ) ಯಾಕ್ರೀ? ನಾನು ಸಾರ್ಟ್ ಮಾಡಿದ ಅರೇ (ಸ್ಥಾನ 0ರಿಂದ ಎಣಿಸುವ ಸಾಲುಪಟ್ಟಿ) ಮೇಲೆ ಬೈನರಿಸರ್ಚ್ (ಅರ್ಧ ಅರ್ಧ ಮಾಡಿ ಹುಡುಕುವುದು) ಮಾಡುತ್ತೇನೆ. ಸಿಗದಿದ್ದರೆ, ಸೇರಬೇಕಾದ ಜಾಗಕ್ಕೆ ಒಂದು ಕೂಡಿಸಿ ಮೈನಸ್ ಹಾಕಿದ ಸಂಖ್ಯೆ ಬರುತ್ತದೆ. ಮೈನಸ್ 6 ಬಂತು ಅಂದರೆ ಸೇರಬೇಕಾದ ಜಾಗ 5, ನಮಗೆ ಬೇಕಾದ್ದು 4. ಇದನ್ನು ಒಂದು ಸ್ಥಾನ ತಪ್ಪು ಬರೆದು ಒಂದು ಸೀಸನ್ ಪೂರ್ತಿ ಮುಂದಿನ ದರ ಹಾಕಿದ್ದೆ, ಒಪ್ಪುತ್ತೇನೆ. ಈಗ ಪಕ್ಕಾ ಇದೆ.

ಮಣೂಕ, ವಿಜಯಪುರ: ಒಂದು ಸೀಸನ್ ತಪ್ಪು ಬಿಲ್ ಕೊಟ್ಟವರು ನಮಗೆ ಬುದ್ಧಿ ಹೇಳುತ್ತಿದ್ದೀರಿ, ಅಲ್ವಾ?

ಕುಂದಾ, ಬೆಳಗಾವಿ: ತಾರೀಖನ್ನು ಸ್ಟ್ರಿಂಗ್ ಮಾಡಿದವರು ಸುಮ್ನೆ ಇದ್ದರೆ ಒಳ್ಳೆಯದು.

ಕರದಂಟು, ಗೋಕಾಕ: ಜಗಳ ಆಮೇಲೆ. ನನಗೆ ಏಟು ಬಿದ್ದದ್ದು ಸಬ್‌ಮ್ಯಾಪ್‌ನಲ್ಲಿ (ಟ್ರೀಮ್ಯಾಪ್‌ನಿಂದ ಎರಡು ಕೀಗಳ ನಡುವಿನ ಭಾಗ ತೆಗೆಯುವುದು). ಮಾರ್ಚ್ 1ರಿಂದ 31 ಕೊಟ್ಟೆ. ಮೊದಲ ಕೀ ಸೇರುತ್ತದೆ, ಕೊನೆಯದು ಸೇರುವುದಿಲ್ಲ. 31ರ ವಹಿವಾಟು 62,400 ರೂಪಾಯಿ ವರದಿಯಲ್ಲೇ ಇಲ್ಲ. ಆಡಿಟರ್ ಮುಂದೆ ಎರಡು ತಾಸು ಕೂತು ಹುಡುಕಿದ್ದೇವೆ. ಎರಡೂ ಕಡೆ ಟ್ರೂ (ಇದನ್ನೂ ಸೇರಿಸು ಅಂತ) ಕೊಟ್ಟು ಕರೆಯಿರಿ. ಇನ್ನೊಂದು, ಮೊದಲ ದರಕ್ಕೂ ಹಿಂದಿನ ತಾರೀಖು ಕೇಳಿದರೆ ಫ್ಲೋರ್‌ಎಂಟ್ರಿ ನಲ್ (ಏನೂ ಇಲ್ಲ ಅಂತ) ಕೊಡುತ್ತದೆ. ನನಗೆ ಅದು ಡೆಮೋ ದಿನವೇ ಗೊತ್ತಾಯಿತು.

ಸಿ ಪ್ಲಸ್ ಪ್ಲಸ್ ಹುಡುಗ, ಜಮಖಂಡಿ: ನಮ್ಮ ಸಿ ಪ್ಲಸ್ ಪ್ಲಸ್ ಮ್ಯಾಪ್‌ನಲ್ಲಿ ಫ್ಲೋರ್ ಇಲ್ಲವೇ ಇಲ್ಲ. ಅಪ್ಪರ್‌ಬೌಂಡ್ (ಕೇಳಿದ್ದಕ್ಕಿಂತ ದೊಡ್ಡದಾದ ಮೊದಲ ಕೀ) ಹಿಡಿದು, ಅದು ಬಿಗಿನ್ (ಮ್ಯಾಪ್‌ನ ಮೊದಲ ಎಂಟ್ರಿ) ಅಲ್ಲ ಅಂತ ನೋಡಿ, ಒಂದು ಹೆಜ್ಜೆ ಹಿಂದೆ. ಅದೂ ಮ್ಯಾಪ್‌ನ ಸ್ವಂತ ಅಪ್ಪರ್‌ಬೌಂಡ್ ಆಗಬೇಕು. ಹೊರಗಿನ ಸ್ಟ್ಯಾಂಡರ್ಡ್ ಫಂಕ್ಷನ್ ಕೊಟ್ಟರೆ ಒಂದೊಂದೇ ಎಂಟ್ರಿ ದಾಟಿಕೊಂಡು ಹೋಗುತ್ತದೆ.

ಕುಂದಾ, ಬೆಳಗಾವಿ: ಅವರು ಕೇಳಿದ್ದು ಜಾವಾ, ತಮ್ಮಾ.

ಸಿ ಪ್ಲಸ್ ಪ್ಲಸ್ ಹುಡುಗ, ಜಮಖಂಡಿ: ಅರೇ ಬೇಕು ಅಂತಲೂ ಕೇಳಿರಲಿಲ್ಲ, ಅಣ್ಣಾರ.

ಬೆಲ್ಲದ ಪೆಂಟಿ, ಬಾಗಲಕೋಟೆ: ಟ್ರೀಮ್ಯಾಪ್, ಲೋಕಲ್‌ಡೇಟ್ ಹಾಕಿದೆ, ನಡೆಯುತ್ತಿದೆ. ಬೆಳಗಿನ ಸವಾಲಿಗೆ (ಹರಾಜಿಗೆ) ಒಂದು ದರ, ಮಧ್ಯಾಹ್ನ ಇನ್ನೊಂದು ಬಂದರೆ?

ಮಣೂಕ, ವಿಜಯಪುರ: ಅದೇ ಕೀಗೆ ಪುಟ್ ಮಾಡಿದರೆ ಬೆಳಗಿನ ದರ ಅಳಿಸಿಹೋಗುತ್ತದೆ. ತಾರೀಖಿನ ಜೊತೆ ಸಮಯವನ್ನೂ ಇಡುವ ಲೋಕಲ್‌ಡೇಟ್‌ಟೈಮ್ ಮಾಡಿ. ನನ್ನ ಹೋದ ಯುಗಾದಿ ಅದರಲ್ಲೇ ಹೋಯಿತು, ಅದರ ಖರ್ಚು ಇಲ್ಲಿ ಬರೆಯುವುದಿಲ್ಲ, ಕುಂದಾ ಓದುತ್ತಾರೆ.